ಎರೆಮಣ್ಣಿನ ದಾರಿ ಮತ್ತು ಪಿಕಪ್‌ಗೆ ದೊಡ್ಡ ಟೈರ್

ನಮ್ಮ ದ್ರಾಕ್ಷಿ ತೋಟ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡೂವರೆ ಕಿಲೋಮೀಟರ್ ಎರೆಮಣ್ಣಿನ, ಅಂದರೆ ಅಂಟು ಕಪ್ಪು ಮಣ್ಣಿನ ದಾರಿ. ಬೇಸಿಗೆಯಲ್ಲಿ ಅದು ಸಿಮೆಂಟ್ ನೆಲದಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಸಾಕು, ಬೆಣ್ಣೆ ಸವರಿದ ಹಾಗೆ ಆಗುತ್ತದೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಕಾಲು ಎತ್ತಲಾಗದಷ್ಟು ಮಣ್ಣು ಅಂಟುತ್ತದೆ. ಆ ದಾರಿಗಾಗಿಯೇ ನನ್ನ ಇಸುಜು ವಿ-ಕ್ರಾಸ್ ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಿದೆ. ಎರಡು ಸಲ ಹಾಕಿಸಿದೆ. ಮೊದಲ ಸಲ ತಪ್ಪಾಯಿತು, ಎರಡನೇ ಸಲ ಸರಿಯಾಯಿತು. ನೀವು ಒಂದೇ ಸಲಕ್ಕೆ ಸರಿ ಮಾಡಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಆಗಿದ್ದು ಇಷ್ಟು. ಗಾಡಿಯ ಜೊತೆ ಬಂದ ಟೈರ್ 245/70 ಆರ್16. ಅಂಗಡಿಯವರು 265/75 ಆರ್16 ಅಳತೆಯ ಮಡ್ ಟೈರ್ ತೋರಿಸಿದರು. 'ಆರಾಮಾಗಿ ಕೂರುತ್ತೆ' ಅಂದರು. ಒಣ ದಿನ ಅಂಗಡಿಯ ಮುಂದೆ ತಿರುಗಿಸಿ ನೋಡಿದಾಗ ನಿಜವಾಗಿಯೂ ಕೂತಿತ್ತು, ಎಲ್ಲೂ ತಾಗಲಿಲ್ಲ. ಮಳೆ ಶುರುವಾದ ಮೇಲೆ ಹಿಂದೆ ಹನ್ನೆರಡು ಚೀಲ ಗೊಬ್ಬರ ಹೇರಿಕೊಂಡು ತೋಟಕ್ಕೆ ಹೊರಟೆ. ಹಳ್ಳದ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಎಡಗಾಲಿಯಿಂದ ಗರ್ರ್ ಅಂತ ಸದ್ದು. ಇಳಿದು ನೋಡಿದರೆ ಟೈರ್ ಮತ್ತು ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ನಡುವೆ ರಾಡಿ ಕಲ್ಲಿನ ಹಾಗೆ ಗಿಡಿದುಕೊಂಡಿತ್ತು. ಪ್ಲಾಸ್ಟಿಕ್ ಹರಿದಿತ್ತು. ಅದರ ಹಿಂದೆ ಹಾದುಹೋಗುವ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ನ ವೈರ್ ಸವೆದು ತಾಮ್ರ ಕಾಣುತ್ತಿತ್ತು. ಕುಡುಗೋಲಿನಿಂದ ಮಣ್ಣು ಕೆತ್ತಿ ತೆಗೆಯಲು ಒಂದು ತಾಸು ಬೇಕಾಯಿತು.

ಅವತ್ತು ನನಗೆ ಅರ್ಥವಾದದ್ದೇ ಈ ಬರಹದ ಮುಖ್ಯ ಮಾತು. ನಮ್ಮ ಕಡೆ ಜಾಗ ಬೇಕಿರುವುದು ಟೈರ್‌ಗೆ ಮಾತ್ರ ಅಲ್ಲ, ಟೈರ್ ಮತ್ತು ಅದಕ್ಕೆ ಅಂಟುವ ಮಣ್ಣಿಗೆ. ಒಣ ಊರಿನಲ್ಲಿ ಹತ್ತು ಮಿಲಿಮೀಟರ್ ಸಂದು ಸಾಕಾಗಬಹುದು. ಎರೆಯಲ್ಲಿ ಅದು ಸಾಲದು.

ಈಗ ಲೆಕ್ಕಕ್ಕೆ ಬರೋಣ. ಇದು ಶಾಲೆಯ ಗಣಿತ, ಹೆದರಬೇಡಿ. 245/70 ಆರ್16 ಅಂದರೆ ಟೈರ್‌ನ ಅಗಲ 245 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಭಾಗ, ಅಂದರೆ 171.5 ಮಿಲಿಮೀಟರ್. ರಿಮ್ 16 ಇಂಚು, ಅಂದರೆ 406.4 ಮಿಲಿಮೀಟರ್. ಗೋಡೆ ಮೇಲೊಂದು, ಕೆಳಗೊಂದು. ಎರಡನ್ನೂ ರಿಮ್‌ಗೆ ಕೂಡಿಸಿದರೆ ಪೂರ್ತಿ ಎತ್ತರ ಸುಮಾರು 749 ಮಿಲಿಮೀಟರ್. ಇದೇ ಲೆಕ್ಕದಲ್ಲಿ 265/75 ಆರ್16 ಸುಮಾರು 804 ಬರುತ್ತದೆ. 55 ಮಿಲಿಮೀಟರ್ ಹೆಚ್ಚು, ಅಂದರೆ ನೂರಕ್ಕೆ ಏಳಕ್ಕಿಂತ ಜಾಸ್ತಿ. 265/70 ಆರ್16 ಆದರೆ 777, ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. 245/75 ಆರ್16 ಆದರೆ 774, ನೂರಕ್ಕೆ ಮೂರು ಚಿಲ್ಲರೆ.

ಗಾಡಿ ನೆಲದಿಂದ ಮೇಲೇಳುವುದು ಈ ವ್ಯತ್ಯಾಸದ ಅರ್ಧ ಮಾತ್ರ. 55 ಮಿಲಿಮೀಟರ್ ದೊಡ್ಡ ಟೈರ್ ಹಾಕಿದರೂ ಸಿಗುವುದು 27 ಮಿಲಿಮೀಟರ್. 265/70ಯಲ್ಲಿ ಸಿಗುವುದು 14. ಒಂದು ಬೆರಳಿನ ದಪ್ಪಕ್ಕಾಗಿ ಎಷ್ಟು ತೊಂದರೆ ಮೈಮೇಲೆ ಎಳೆದುಕೊಳ್ಳಬೇಕು ಅನ್ನುವುದನ್ನು ಕೊಳ್ಳುವ ಮೊದಲೇ ಯೋಚಿಸಿ. ನೂರಕ್ಕೆ ಮೂರರ ಒಳಗಿದ್ದರೆ ಸಾಮಾನ್ಯವಾಗಿ ತಕರಾರು ಕಡಿಮೆ. ನಾಲ್ಕು ದಾಟಿದರೆ ಪ್ರತಿಯೊಂದು ಮೂಲೆಯನ್ನೂ ಅಳೆದೇ ಮುಂದುವರಿಯಬೇಕು.

ಸ್ಪೀಡೋಮೀಟರ್ ಕೂಡ ಬದಲಾಗುತ್ತದೆ. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರ್‌ಗೆ ಅದು ಗೊತ್ತಿರುವುದಿಲ್ಲ. ಮುಳ್ಳು ಎಲ್ಲಿದೆಯೋ ಅದಕ್ಕಿಂತ ನೀವು ಜೋರಾಗಿರುತ್ತೀರಿ. ಮೊದಲ ಸೆಟ್ಟಿನಲ್ಲಿ ಮುಳ್ಳಿನ ಲೆಕ್ಕಕ್ಕಿಂತ ನೂರಕ್ಕೆ ಏಳರಷ್ಟು ಹೆಚ್ಚು, ಅಂದರೆ 80 ಇದ್ದ ಕಡೆ 85ರ ಮೇಲೆ. ಸೋಲಾಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಫೋನಿನ ಜಿಪಿಎಸ್ ಇಟ್ಟು ನೋಡಿಕೊಳ್ಳಿ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ತೋರಿಸುತ್ತದೆ. ಹಾಗಾಗಿ ಆಯಿಲ್ ಬದಲಿಸುವ ದಿನವನ್ನು ಸ್ವಲ್ಪ ಮುಂಚೆಯೇ ಇಟ್ಟುಕೊಳ್ಳಿ.

ಅಳತೆ ತೆಗೆಯುವ ಕೆಲಸವನ್ನು ಮನೆಯಲ್ಲೇ ಮಾಡಿ, ಅಂಗಡಿಗೆ ಹೋಗುವ ಮೊದಲು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಎಂಜಿನ್ ಆರಿಸಿ. ಆಮೇಲೆ ಟೇಪು ಹಿಡಿದು ನಾಲ್ಕು ಕಡೆ ಅಳೆಯಿರಿ. ಟೈರ್‌ನ ಮುಂದೆ ಬಂಪರ್ ಕಡೆಯ ಪ್ಲಾಸ್ಟಿಕ್‌ವರೆಗೆ ಒಂದು. ಟೈರ್‌ನ ಹಿಂದೆ, ಕ್ಯಾಬಿನ್ ಕೆಳಗೆ ತಗಡುಗಳು ಕೂಡುವ ಅಂಚಿನವರೆಗೆ ಒಂದು. ಮೇಲೆ ಮಡ್‌ಗಾರ್ಡ್‌ವರೆಗೆ ಒಂದು. ಒಳಗಡೆ ಮೇಲಿನ ಸಸ್ಪೆನ್ಷನ್ ಆರ್ಮ್‌ವರೆಗೆ ಒಂದು. ಬಲಕ್ಕೆ ತಿರುಗಿಸಿ ಇನ್ನೊಮ್ಮೆ. ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ, ನೆನಪಿನಲ್ಲಿ ಇಟ್ಟುಕೊಳ್ಳಬೇಡಿ.

ಆ ಅಂಕೆಗಳಿಂದ ಹೊಸ ಟೈರ್ ತಿನ್ನುವ ಜಾಗ ಕಳೆಯಿರಿ. 265/70 ಆದರೆ ಮುಂದೆ, ಹಿಂದೆ, ಮೇಲೆ 14 ಮಿಲಿಮೀಟರ್. ಅಗಲ 20 ಹೆಚ್ಚಾಗುತ್ತದೆ, ಅದೇ ರಿಮ್ ಆದರೆ ಒಳಕ್ಕೆ 10, ಹೊರಕ್ಕೆ 10. ಉಳಿದ ಸಂದು ಎಲ್ಲ ಕಡೆ ಕನಿಷ್ಠ 25 ಮಿಲಿಮೀಟರ್ ಇರಲೇಬೇಕು ಅನ್ನುವುದು ನಾನು ಇಟ್ಟುಕೊಂಡ ನಿಯಮ. ಅದು ಮಣ್ಣಿನ ಪಾಲು. ಒಂದು ಕಡೆ ಕಡಿಮೆ ಬಂದರೂ ಆ ಸೈಜ್ ಬಿಟ್ಟುಬಿಡಿ.

ನಿಂತ ಗಾಡಿಯ ಅಳತೆ ಅರ್ಧ ಸತ್ಯ. ಹೊರೆ ಹೇರಿದಾಗ, ತಗ್ಗಿಗೆ ಇಳಿದಾಗ ಗಾಲಿ ಮೇಲಕ್ಕೆ ಹೋಗುತ್ತದೆ. ಅದನ್ನು ನೋಡಲು ನಮ್ಮ ಹೊಲದ ಬದು ಸಾಕು. ಹಿಂದೆ ಮಾಮೂಲಿ ಹೊರೆ ಹಾಕಿ. ಮುಂದಿನ ಎಡಗಾಲಿಯನ್ನು ಬದುವಿನ ಮೇಲೆ ನಿಧಾನವಾಗಿ ಹತ್ತಿಸಿ, ಹಿಂದಿನ ಬಲಗಾಲಿ ಇನ್ನೊಂದು ದಿಬ್ಬದ ಮೇಲೆ ಬರುವ ಹಾಗೆ ನಿಲ್ಲಿಸಿ. ಆಗ ಸಸ್ಪೆನ್ಷನ್ ಮೂಲೆಯಿಂದ ಮೂಲೆಗೆ ತಿರುಚಿಕೊಳ್ಳುತ್ತದೆ. ಅಳೆಯುವುದು ಗಾಡಿ ನಿಂತು, ಎಂಜಿನ್ ಆರಿದ ಮೇಲೆ. ಗಾಡಿ ಅಲುಗುವಾಗ ಯಾರೂ ಗಾಲಿಯ ಹತ್ತಿರ ಕೈ ಹಾಕಬಾರದು, ಮಕ್ಕಳನ್ನು ದೂರ ನಿಲ್ಲಿಸಿ.

ಕೈ ಹೋಗದ ಸಂದು ಇದ್ದರೆ ಕಣಕದ ಉಂಡೆ ಬಳಸಿ. ಚಪಾತಿಗೆ ಕಲಸಿದ ಗಟ್ಟಿ ಹಿಟ್ಟನ್ನು ಅನುಮಾನ ಇರುವ ಕಡೆ ಅಂಟಿಸಿ, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ, ಆಮೇಲೆ ಉಂಡೆ ಎಷ್ಟು ಚಪ್ಪಟೆಯಾಗಿದೆ ಅಂತ ಅಳೆಯಿರಿ. ಹೊಸ ಟೈರ್ ಕೂರಿಸಿದ ಮೇಲೆ ಇದನ್ನೇ ಮತ್ತೊಮ್ಮೆ ಮಾಡಿದೆ. ಟೇಪಿಗಿಂತ ಇದೇ ಹೆಚ್ಚು ನಂಬಿಕೆಯ ಸಾಕ್ಷಿ.

ಸೈಜ್ ಗೊತ್ತಾದ ಮೇಲೆ ಬರುವ ಪ್ರಶ್ನೆ ಅಗಲ. ಅಗಲ ಇದ್ದಷ್ಟೂ ಒಳ್ಳೆಯದು ಅಂತ ತುಂಬ ಜನ ನಂಬಿದ್ದಾರೆ. ಮರಳಿನಲ್ಲಿ ಅದು ನಿಜ, ಅಗಲ ಟೈರ್ ಮೇಲೆ ತೇಲುತ್ತದೆ. ಆದರೆ ನಮ್ಮ ತೋಟದ ದಾರಿಗಳಲ್ಲಿ ಬಹಳಷ್ಟು ಕಡೆ ಕೆಳಗೆ ಗರ್ಸು (ಗಟ್ಟಿ ಕಲ್ಲುಮಣ್ಣು) ಹಾಕಿರುತ್ತಾರೆ, ಮೇಲೆ ಮೂರು ನಾಲ್ಕು ಇಂಚು ಎರೆಯ ರಾಡಿ. ಅಲ್ಲಿ ಸಣ್ಣ ಅಗಲದ ಟೈರ್ ರಾಡಿಯನ್ನು ಸೀಳಿ ಗರ್ಸನ್ನು ಹಿಡಿಯುತ್ತದೆ. ಅಗಲ ಟೈರ್ ರಾಡಿಯ ಮೇಲೆಯೇ ಜಾರುತ್ತದೆ. ಇನ್ನು ಡೋಣಿ ನದಿ ದಂಡೆಯ ಆಳವಾದ ಎರೆ ಹೊಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ, ಅಂಥ ಹೊಲ. ಅದು ಹಸಿ ಇದ್ದಾಗ ಯಾವ ಟೈರೂ ಪಾರು ಮಾಡುವುದಿಲ್ಲ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗಿ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಟ್ರ್ಯಾಕ್ಟರ್ ತರಿಸಿ ಎಳೆಸುವಾಗ ಬಂಪರ್, ಚಾಸಿ ಎರಡಕ್ಕೂ ಪೆಟ್ಟು.

ಟೈರ್‌ನ ಹಲ್ಲಿನ ವಿಷಯ. ಮಡ್ ಟೈರ್‌ಗೆ ದೊಡ್ಡ ಹಲ್ಲು, ನಡುವೆ ಅಗಲವಾದ ಸಂದು. ಗಾಲಿ ಜೋರಾಗಿ ತಿರುಗಿದಾಗ ಮಣ್ಣು ಸಿಡಿದು ಹೊರಗೆ ಬೀಳಬೇಕು ಅನ್ನುವುದು ಅದರ ಉದ್ದೇಶ. ಡಾಂಬರಿನ ಮೇಲೆ ಅದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯುವುದೂ ಕಡಿಮೆ. ಆಲ್ ಟೆರೇನ್ ಟೈರ್ ನಡುವಿನ ದಾರಿ. ನನ್ನ ಓಡಾಟ ನೂರಕ್ಕೆ ತೊಂಬತ್ತು ಡಾಂಬರು, ವಿಜಯಪುರದ ಮಾರುಕಟ್ಟೆಗೆ ಒಣದ್ರಾಕ್ಷಿ ಒಯ್ಯುವುದು, ಬರುವುದು. ಹಾಗಾಗಿ ಎರಡನೇ ಸಲ 265/70 ಆರ್16 ಆಲ್ ಟೆರೇನ್ ತೆಗೆದುಕೊಂಡೆ. ಈಗ ಕೇಳಿದರೆ 245/75 ಸಿಕ್ಕಿದ್ದರೆ ಅದನ್ನೇ ಹಾಕುತ್ತಿದ್ದೆ ಅನ್ನುತ್ತೇನೆ. ಎತ್ತರ ಹೆಚ್ಚುಕಡಿಮೆ ಅಷ್ಟೇ, ಅಗಲ ಹಳೆಯದೇ.

ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ಇನ್ನೆರಡು ಅಂಕೆ ಓದಿ. ಒಂದು, ಹೊರೆಯ ಅಂಕೆ. 107 ಇದ್ದರೆ ಆ ಟೈರ್ ಹೊರುವುದು 975 ಕೆಜಿ, 111 ಇದ್ದರೆ 1,090, 112 ಇದ್ದರೆ 1,120. ನಿಮ್ಮ ಹಳೆ ಟೈರ್‌ನ ಅಂಕೆಗಿಂತ ಕಡಿಮೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಇದು ಹೊರೆ ಹೊರುವ ಗಾಡಿ ಅಲ್ವಾ. ಎರಡು, ತಯಾರಾದ ದಿನ. ನಾಲ್ಕು ಅಂಕೆ ಇರುತ್ತದೆ, 2324 ಅಂದರೆ 2024ರ 23ನೇ ವಾರ. ನಮ್ಮ ಊರಿನ ಬಿಸಿಲಿಗೆ ಅಂಗಡಿಯ ಮುಂದೆ ವರ್ಷಗಟ್ಟಲೆ ನಿಂತ ಟೈರ್ ಗಟ್ಟಿಯಾಗಿರುತ್ತದೆ. ಹೊಳಪು ನೋಡಬೇಡಿ, ಅಂಕೆ ನೋಡಿ.

ಐದು ಟೈರ್ ಕೊಳ್ಳಬೇಕು, ನಾಲ್ಕಲ್ಲ. ಸ್ಟೆಪ್ನಿ ಹಳೆಯದೇ ಇರಲಿ ಅನ್ನುವುದು ಫೋರ್ ವೀಲ್ ಡ್ರೈವ್ ಗಾಡಿಗೆ ದೊಡ್ಡ ಅಪಾಯ. ನಾಲ್ಕೂ ಗಾಲಿ ಒಂದೇ ಸುತ್ತಳತೆ ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ಫೋರ್ ವೀಲ್ ಹಾಕಿದಾಗ ನಡುವಿನ ಟ್ರಾನ್ಸ್‌ಫರ್ ಕೇಸ್ ಅನ್ನುವ ಗೇರ್ ಪೆಟ್ಟಿಗೆ ಎರಡನ್ನೂ ಒಟ್ಟಿಗೆ ಕಟ್ಟಿರುತ್ತದೆ. ಎಳೆದಾಟದಲ್ಲಿ ಹಲ್ಲುಗಳು ತಿಂದುಹೋಗುತ್ತವೆ. ಸ್ಟೆಪ್ನಿ ನೇತಾಡುವುದು ಹಿಂದೆ, ಗಾಡಿಯ ಕೆಳಗೆ. ದೊಡ್ಡದು ಅಲ್ಲಿ ಹಿಡಿಯುತ್ತದೆಯೇ, ಸೈಲೆನ್ಸರ್ ಪೈಪಿಗೆ ತಾಗುತ್ತದೆಯೇ, ಅದನ್ನೂ ಅಳೆಯಿರಿ.

ಕಾನೂನಿನ ಮಾತು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ್ದಕ್ಕಿಂತ ಗಾಡಿಯನ್ನು ಬೇರೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಇದೆ, ಜೈಲು ಶಿಕ್ಷೆಗೂ ಅವಕಾಶ ಇದೆ. ಮಡ್‌ಗಾರ್ಡ್‌ನಿಂದ ಹೊರಗೆ ಚಾಚಿದ ಟೈರ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡದು ವಿಮೆ. ಅಪಘಾತವಾದಾಗ ಟೈರ್ ಸೈಜ್ ಬೇರೆ ಇದೆ ಅಂತ ತಕರಾರು ಬಂದರೆ ಕಷ್ಟ. ನಿಮ್ಮ ಮಾಡೆಲ್‌ನ ಬೇರೆ ವೇರಿಯಂಟ್‌ಗೆ ಕಂಪನಿಯೇ ಯಾವ ಸೈಜ್ ಕೊಟ್ಟಿದೆ ಅಂತ ಮೊದಲು ನೋಡಿ. ಶೋರೂಮ್‌ನವರಿಂದ ಮತ್ತು ವಿಮೆಯವರಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ, ಒಪ್ಪಿಗೆ ಸಿಗದಿದ್ದರೆ ಅದೇ ಸೈಜ್‌ನಲ್ಲಿ ಒಳ್ಳೆಯ ಹಲ್ಲಿನ ಆಲ್ ಟೆರೇನ್ ಹಾಕಿ. ನಿಜ ಹೇಳುತ್ತೇನೆ, ತೋಟದ ದಾರಿಯಲ್ಲಿ ನನಗೆ ಸಿಕ್ಕ ಲಾಭದ ಮುಕ್ಕಾಲು ಪಾಲು ಹಲ್ಲಿನಿಂದ ಬಂದದ್ದು, ಎತ್ತರದಿಂದಲ್ಲ.

ಟೈರ್ ಕೂರಿಸಲು ಗಾಡಿಯ ತಗಡು ಕತ್ತರಿಸುವುದು, ಸುತ್ತಿಗೆಯಿಂದ ಅಂಚು ಬಡಿಯುವುದು, ಹಬ್ (ಗಾಲಿ ಬಿಗಿಯುವ ಭಾಗ) ಮತ್ತು ರಿಮ್ ನಡುವೆ ಸ್ಪೇಸರ್ ಬಿಲ್ಲೆ ಇಡುವುದು, ಇವು ಮೂರೂ ಬೇಡ. ಸ್ಪೇಸರ್ ಇಟ್ಟರೆ ಗಾಲಿ ಹೊರಗೆ ಸರಿದು ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ. ತಿರುಗುವಾಗ ಟೈರ್ ದೊಡ್ಡ ಸುತ್ತು ಹೊಡೆದು ಬಂಪರಿಗೆ ಇನ್ನೂ ಜಾಸ್ತಿ ತಾಗುತ್ತದೆ. ಇಷ್ಟೆಲ್ಲ ಮಾಡಿದರೇನೇ ಕೂರುವ ಟೈರ್ ನಿಮ್ಮ ಗಾಡಿಯದ್ದಲ್ಲ.

ಕೂರಿಸುವ ದಿನ ಅಂಗಡಿಯಲ್ಲಿ ನಿಂತು ನೋಡಿ. ಹಬ್‌ನ ಮುಖದ ಮೇಲೆ ಒಣಗಿದ ಮಣ್ಣು, ತುಕ್ಕು ಇದ್ದರೆ ವೈರ್ ಬ್ರಷ್‌ನಿಂದ ಉಜ್ಜಿಸಿ. ಮಣ್ಣಿನ ಪದರದ ಮೇಲೆ ಬಿಗಿದ ರಿಮ್ ನಾಲ್ಕು ದಿನದಲ್ಲಿ ಸಡಿಲವಾಗುತ್ತದೆ. ವಾಲ್ವ್ ಹೊಸದು ಹಾಕಿಸಿ. ಟೈರ್ ಏರಿಸಲು ಅದಕ್ಕೆಂದೇ ಇರುವ ಪೇಸ್ಟ್ ಬಳಸಲಿ, ಗ್ರೀಸ್ ಅಥವಾ ಡೀಸೆಲ್ ಬೇಡ. ರಬ್ಬರ್ ಹಾಳಾಗುತ್ತದೆ, ಟೈರ್ ರಿಮ್ ಮೇಲೆ ಜಾರುತ್ತದೆ. ಆರು ನಟ್‌ಗಳನ್ನು ಮೊದಲು ಕೈಯಿಂದ ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿಸಿ. ಕೊನೆಯ ಬಿಗಿತ ಟಾರ್ಕ್ ಪಾನಾದಿಂದ, ಮ್ಯಾನುಯಲ್‌ನಲ್ಲಿ ಇರುವಷ್ಟೇ. ಗಾಳಿ ಗನ್ನಿನಿಂದ ಸುಮ್ನೆ ಬಡಿದರೆ ಬೋಲ್ಟ್ ಹಿಗ್ಗುತ್ತದೆ, ಹೊಲದ ನಡುವೆ ಪಂಕ್ಚರ್ ಆದಾಗ ಬಿಚ್ಚಲೂ ಬರುವುದಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅವತ್ತೇ ಆಗಲಿ.

ಭಾರದ ಬಗ್ಗೆ ಒಂದು ಮಾತು. ದ್ರಾಕ್ಷಿ ತೂಗುವ ಕಾಟಾದ ಮೇಲೆ ಇಟ್ಟು ನೋಡಿದೆ. ಮೊದಲ ಸೆಟ್ಟಿನ ಮಡ್ ಟೈರ್ ಹಳೆಯದಕ್ಕಿಂತ ಒಂದೊಂದಕ್ಕೆ ಆರು ಕೆಜಿ ಹೆಚ್ಚಿತ್ತು. ತಿರುಗುವ ಭಾರ ಅದು. ಎಳೆಯಲೂ ನಿಲ್ಲಿಸಲೂ ಹೆಚ್ಚು ಶಕ್ತಿ ಬೇಕು. ಡೀಸೆಲ್ ಹೆಚ್ಚು ಕುಡಿಯಿತು, ಕೊಲ್ಹಾರ ಸೇತುವೆಯ ಮೇಲೆ ಮುಂದಿನ ಲಾರಿ ಒಮ್ಮೆಲೇ ನಿಂತಾಗ ಬ್ರೇಕ್ ತಡವಾಗಿ ಹಿಡಿದದ್ದು ನನ್ನ ಕಾಲಿಗೆ ಗೊತ್ತಾಯಿತು. ಹೊಸ ಟೈರ್ ಹಾಕಿದ ಮೊದಲ ವಾರ ಮುಂದಿನ ಗಾಡಿಯಿಂದ ಇನ್ನಷ್ಟು ದೂರ ಇರಿ.

ಗಾಳಿ. ಬಾಗಿಲಿನ ಸ್ಟಿಕರ್ ಮೇಲಿನ ಅಂಕೆ ಹಳೆ ಟೈರ್‌ಗೆ ಕೊಟ್ಟದ್ದು. ಹೊಸದಕ್ಕೆ ಅದರಿಂದಲೇ ಶುರು ಮಾಡಿ, ಆದರೆ ಸೀಮೆಸುಣ್ಣದಿಂದ ಪರೀಕ್ಷಿಸಿ. ಟೈರ್‌ನ ಹಲ್ಲಿನ ಮೇಲೆ ಅಡ್ಡಕ್ಕೆ ದಪ್ಪ ಗೆರೆ ಎಳೆದು, ನೇರ ಡಾಂಬರಿನ ಮೇಲೆ ಅರ್ಧ ಫರ್ಲಾಂಗ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಖಾಲಿ ಗಾಡಿಗೆ ಒಮ್ಮೆ, ಹೊರೆ ಹೇರಿ ಒಮ್ಮೆ ನೋಡಿ, ಎರಡೂ ಅಂಕೆ ಬರೆದಿಡಿ. ಎಲ್‌ಟಿ (ಲೈಟ್ ಟ್ರಕ್) ಅಂತ ಬರೆದ ದಪ್ಪ ಟೈರ್ ಆದರೆ ಅದೇ ಹೊರೆಗೆ ಹೆಚ್ಚು ಗಾಳಿ ಬೇಕಾಗುತ್ತದೆ, ತಯಾರಕರ ಪಟ್ಟಿ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಐದಾರು ಡಿಗ್ರಿಗೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ (ಒತ್ತಡದ ಅಳತೆ) ಏರುತ್ತದೆ. ಹಾಗಾಗಿ ಗಾಳಿ ನೋಡುವುದು ಬೆಳಗಿನ ಜಾವ, ಗಾಡಿ ಓಡುವ ಮೊದಲು. ಮಧ್ಯಾಹ್ನ ಬಿಸಿ ಟೈರ್‌ನಿಂದ ಗಾಳಿ ಬಿಟ್ಟರೆ ಮರುದಿನ ಕಡಿಮೆ ಗಾಳಿಯಲ್ಲಿ ಓಡಿಸುತ್ತೀರಿ.

ರಾಡಿಯ ದಾರಿಗೆ ಇಳಿಯುವ ಮೊದಲು, ಹೊರೆ ಇಲ್ಲದಾಗ, ನಾನು 20 ಪಿಎಸ್‌ಐಗೆ ಇಳಿಸುತ್ತೇನೆ. ಟೈರ್ ಉದ್ದಕ್ಕೆ ಹರಡಿಕೊಂಡು ಹೆಚ್ಚು ಹಲ್ಲು ನೆಲ ಮುಟ್ಟುತ್ತವೆ. ಆಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಒಳಗೆ ಓಡಿಸಿ, ಸ್ಟೇರಿಂಗ್ ಒಮ್ಮೆಲೇ ತಿರುಗಿಸಬೇಡಿ, ಟೈರ್ ರಿಮ್ ಬಿಟ್ಟು ಬರಬಹುದು. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಬೇಕು. ಅದಕ್ಕೆ ಬ್ಯಾಟರಿಗೆ ಹಾಕುವ ಸಣ್ಣ ಕಂಪ್ರೆಸರ್ ಸೀಟಿನ ಹಿಂದೆ ಇರಲಿ. ಅದಿಲ್ಲದೆ ಗಾಳಿ ಬಿಡಲೇಬೇಡಿ. ಡಾಂಬರು ಬಂದ ತಕ್ಷಣ ಫೋರ್ ವೀಲ್ ಕೂಡ ತೆಗೆಯಿರಿ.

ರಾಡಿಯಿಂದ ಬಂದ ದಿನ ರಿಮ್‌ನ ಒಳಮೈ ತೊಳೆಯುವುದನ್ನು ಮರೆಯಬೇಡಿ. ಹೊರಗೆ ಹೊಳೆಯುವ ಗಾಡಿಯ ರಿಮ್ ಒಳಗೆ ಅಂಗೈ ಅಗಲದ ಎರೆಮಣ್ಣು ಕೂತಿರುತ್ತದೆ. ಒಣಗಿದರೆ ಅದು ಇಟ್ಟಿಗೆ. ಮರುದಿನ ಹೆದ್ದಾರಿಯಲ್ಲಿ 70 ದಾಟಿದ ಕೂಡಲೇ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ. ಬ್ಯಾಲೆನ್ಸ್ ಹೋಗಿದೆ ಅಂತ ನಾನು ಎರಡು ಸಲ ಅಂಗಡಿಗೆ ದುಡ್ಡು ಕೊಟ್ಟಿದ್ದೇನೆ. ಬೇಕಾಗಿದ್ದದ್ದು ಒಂದು ಪೈಪು ನೀರು.

ಮೊದಲ ಮಳೆಯ ನಂತರ ತೋಟಕ್ಕೆ ಹೋದಾಗ ಅರ್ಧ ದಾರಿಯಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ನಾಲ್ಕೂ ಮಡ್‌ಗಾರ್ಡ್ ಒಳಗೆ ನೋಡಿ. ಎಲ್ಲ ಕಡೆ ಮಣ್ಣು ಒರಟಾಗಿ ಸಿಡಿದಿರುತ್ತದೆ. ಎಲ್ಲಾದರೂ ಒಂದು ಕಡೆ ಕರಣೆಯಿಂದ ಎಳೆದ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಟೈರ್ ಅಲ್ಲಿಯೇ ಒರೆಸುತ್ತಿದೆ. ಆ ಜಾಗಕ್ಕೆ ಹತ್ತಿರದಲ್ಲಿ ಬ್ರೇಕ್ ಪೈಪು ಅಥವಾ ಸೆನ್ಸರ್ ವೈರ್ ಇದೆಯೇ ಅಂತ ಆಗಲೇ ನೋಡಿಕೊಳ್ಳಿ.